ಜಪಾನಿನ ಶಾಲೆಯಲ್ಲಿ ಪಾಠ: ಮಕ್ಕಳ ಮೌನವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಪ್ರಶ್ನೆ — ತುಂಗಾತೀರದವಳು

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಆರು ವರ್ಷ ಇಂಗ್ಲಿಷ್ ಕಲಿಸಿದ ನಾನು ಕಳೆದ ಏಪ್ರಿಲ್‌ನಿಂದ ಜಪಾನಿನ ಶಿಮಾನೆ ಪ್ರಾಂತದ ಒಂದು ಸಣ್ಣ ಊರಿನಲ್ಲಿದ್ದೇನೆ. ಇಲ್ಲಿ ‘ಚೂಗಕ್ಕೋ’ ಎಂದು ಕರೆಯುವ, 12ರಿಂದ 15 ವರ್ಷದ ಮಕ್ಕಳು ಓದುವ ಶಾಲೆಯಲ್ಲಿ ನಾನು ಸಹಾಯಕ ಇಂಗ್ಲಿಷ್ ಶಿಕ್ಷಕಿ. ತರಗತಿಯ ಹೊಣೆ ಜಪಾನಿ ಶಿಕ್ಷಕರದ್ದು; ಉಚ್ಚಾರಣೆ, ಸಂಭಾಷಣೆ, ಆಟಗಳ ಭಾಗ ನನ್ನದು. ಬೆಟ್ಟ, ಗದ್ದೆ, ಬಿಡದೆ ಸುರಿಯುವ ಮಳೆ ಇವನ್ನೆಲ್ಲ ನೋಡಿದರೆ ತೀರ್ಥಹಳ್ಳಿಯ ಕಡೆಯ ಯಾವುದೋ ತಿರುವಿನಲ್ಲಿ ಬಸ್ಸಿಳಿದಂತೆ ಅನ್ನಿಸುತ್ತದೆ. ಜನರೂ ಒಳ್ಳೆಯವರೇ. ಆದರೆ ಏಳು ತಿಂಗಳಾದ ಮೇಲೂ ತರಗತಿಯೊಳಗೆ ನಾನಿನ್ನೂ ನೆಂಟಳಾಗಿಯೇ ಉಳಿದಿದ್ದೇನೆ.

ಪಾಠ ಶುರುವಾಗುವಾಗ ಮಕ್ಕಳೆಲ್ಲ ಒಟ್ಟಿಗೆ ಎದ್ದು ನಿಂತು ತಲೆಬಾಗಿ ‘ಒನೆಗಾಯ್‌ಶಿಮಸು’ ಎನ್ನುತ್ತಾರೆ. 50 ನಿಮಿಷ ಮುಗಿದಾಗ ಮತ್ತೆ ಎದ್ದು ನಮಸ್ಕರಿಸುತ್ತಾರೆ. ಈ ಎರಡು ನಮಸ್ಕಾರಗಳ ನಡುವೆ ನಾನು ಕೇಳಿದ ಯಾವ ಪ್ರಶ್ನೆಗೂ ಉತ್ತರ ಬರುವುದಿಲ್ಲ. ಹೆಸರು ಹಿಡಿದು ಕರೆದರೆ ಮೊದಲು ಪಕ್ಕದವರನ್ನು ಕೇಳುತ್ತಾರೆ, ನನಗದು ನಕಲು ಮಾಡಿದಂತೆ ಕಾಣುತ್ತದೆ. ಅರ್ಥವಾಯಿತೇ ಎಂದು ಕೇಳಿದರೆ ‘ಹಾಯ್’, ಅಂದರೆ ಹೌದು, ಎಂದು ಒಕ್ಕೊರಲಿನಿಂದ ಹೇಳುತ್ತಾರೆ, ಆದರೆ ಮರುದಿನದ ಸಣ್ಣ ಪರೀಕ್ಷೆಯಲ್ಲಿ ಅರ್ಧದಷ್ಟು ಮಕ್ಕಳಿಗೆ ಏನೂ ಬಂದಿರುವುದಿಲ್ಲ. ನಮ್ಮೂರಿನ ಶಾಲೆಯಲ್ಲಿ ‘ಮಿಸ್, ನಾನು ಹೇಳ್ತೀನಿ, ನಾನು ಹೇಳ್ತೀನಿ’ ಎಂದು ಬೆಂಚಿನ ಮೇಲೆ ಹತ್ತುವ ಹುಡುಗರನ್ನು ಗದರಿಸಿ ಕೂರಿಸುವುದೇ ನನ್ನ ಕೆಲಸವಾಗಿತ್ತು. ಈಗ ಆ ಗದ್ದಲ ಬೇಕೆನಿಸುತ್ತಿದೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಜೂನ್ ತಿಂಗಳಿನ ಒಂದು ಪ್ರಸಂಗ. ಎರಡನೆಯ ವರ್ಷದ ತರಗತಿಯಲ್ಲಿ ಒಬ್ಬ ಹುಡುಗಿ ಬಹಳ ಚೆನ್ನಾಗಿ ಉತ್ತರಿಸಿದಳು. ನಾನು ಸಂತೋಷದಿಂದ ಅವಳನ್ನು ಮುಂದೆ ಕರೆದು, ಎಲ್ಲರಿಂದಲೂ ಚಪ್ಪಾಳೆ ಹೊಡೆಸಿ, ಇವಳನ್ನು ನೋಡಿ ಕಲಿಯಿರಿ ಎಂದು ಹೇಳಿದೆ. ನಮ್ಮಲ್ಲಿ ಇದಕ್ಕಿಂತ ದೊಡ್ಡ ಬಹುಮಾನ ಇರುವುದಿಲ್ಲ. ಅವಳು ತಲೆ ತಗ್ಗಿಸಿಕೊಂಡು ಜಾಗಕ್ಕೆ ಹೋದವಳು ಅಂದಿನಿಂದ ಇಂದಿನವರೆಗೆ ಒಮ್ಮೆಯೂ ಕೈ ಎತ್ತಿಲ್ಲ. ಜಪಾನಿ ಶಿಕ್ಷಕಿಯನ್ನು ವಿಚಾರಿಸಿದರೆ, ಅವರು ನಕ್ಕು, ಪರವಾಗಿಲ್ಲ ಎಂದರು.

ಶಿಕ್ಷಕರ ಕೋಣೆಯಲ್ಲೂ ಇದೇ ಮಂಜು. ದೀಪಾವಳಿಗೆ ಒಂದು ದಿನ ರಜೆ ಬೇಕೆಂದು ಉಪಮುಖ್ಯ ಶಿಕ್ಷಕರನ್ನು ಕೇಳಿದಾಗ, ಅವರು ಹಲ್ಲಿನ ಸಂದಿಯಿಂದ ‘ಸ್ಸ್’ ಎಂದು ಉಸಿರೆಳೆದುಕೊಂಡು, ತಲೆ ಓರೆ ಮಾಡಿ, ಅದು ಸ್ವಲ್ಪ ಎಂದು ಅಲ್ಲಿಗೇ ನಿಲ್ಲಿಸಿದರು. ಯೋಚಿಸುತ್ತಿದ್ದಾರೆ ಎಂದುಕೊಂಡು ಕಾಯುತ್ತಲೇ ಇದ್ದೆ. ಹಬ್ಬ ಕಳೆದುಹೋಯಿತು. ಇನ್ನು ಮಧ್ಯಾಹ್ನದ ಊಟವನ್ನು ತರಗತಿಯಲ್ಲೇ ಮಕ್ಕಳೊಂದಿಗೆ ಮಾಡುವುದು ಇಲ್ಲಿನ ಪದ್ಧತಿ. ಸಸ್ಯಾಹಾರಿಯಾದ ನಾನು ಡಬ್ಬಿ ತಂದು ಶಿಕ್ಷಕರ ಕೋಣೆಯಲ್ಲಿ ಒಬ್ಬಳೇ ಉಣ್ಣುತ್ತೇನೆ.

ಹೊರದೇಶದಲ್ಲಿ ಪಾಠ ಮಾಡಿದ ಅನುಭವವುಳ್ಳವರಲ್ಲಿ ನನ್ನ ಪ್ರಶ್ನೆ ಇಷ್ಟೇ. ಈ ಮೌನವನ್ನು ನಾನು ಒಡೆಯಬೇಕೋ, ಅಥವಾ ಅದರೊಳಗೇ ಪಾಠ ಮಾಡುವುದನ್ನು ಕಲಿಯಬೇಕೋ?


ಉತ್ತರ 1 — ಕನ್ಸಾಯ್ ಕನ್ನಡಿಗ

ನಾನು ಒಸಾಕಾದ ಸುತ್ತಮುತ್ತಲಿನ ಶಾಲೆಗಳಲ್ಲಿ ಹನ್ನೊಂದು ವರ್ಷ ನಿಮ್ಮದೇ ಕೆಲಸ ಮಾಡಿದವನು. ಒಡೆಯಲು ಹೋಗಬೇಡಿ. ನೀವು ಮೌನ ಎಂದು ಕರೆಯುತ್ತಿರುವುದರಲ್ಲಿ ಮೂರು ನಾಲ್ಕು ಬೇರೆ ಬೇರೆ ಸಂಗತಿಗಳು ಬೆರೆತಿವೆ.

ಮೊದಲಿಗೆ ಆ ‘ಹಾಯ್’. ಅದನ್ನು ನಾವು ‘ಹೌದು’ ಎಂದು ಅನುವಾದಿಸಿಕೊಳ್ಳುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಬಹಳ ಸಲ ಅದರ ಅರ್ಥ ‘ನೀವು ಹೇಳಿದ್ದು ಕಿವಿಗೆ ಬಿತ್ತು’ ಎಂದಷ್ಟೇ. ನಮ್ಮ ಹಳ್ಳಿಗಳಲ್ಲಿ ಕಥೆ ಕೇಳುವವರು ‘ಹೂಂ’ಗುಟ್ಟುತ್ತಾರಲ್ಲ, ಅದರ ಹತ್ತಿರದ ನೆಂಟ. ಹೂಂಗುಟ್ಟಿದವನು ಕಥೆಯನ್ನು ಒಪ್ಪಿದ ಎಂದು ಯಾರೂ ತಿಳಿಯುವುದಿಲ್ಲ. ಆದ್ದರಿಂದ ಅರ್ಥವಾಯಿತೇ ಎಂಬ ಪ್ರಶ್ನೆಯನ್ನೇ ಕೈಬಿಡಿ. ಅರ್ಥವಾಗಿದ್ದರೆ ಮಾತ್ರ ಮಾಡಲು ಸಾಧ್ಯವಾಗುವ ಸಣ್ಣದೊಂದು ಕೆಲಸವನ್ನು ಕೊಡಿ.

ಎರಡನೆಯದು, ಉತ್ತರ ಹೇಳುವ ಮುನ್ನ ಪಕ್ಕದವರನ್ನು ಕೇಳುವ ಅಭ್ಯಾಸ. ನನಗೂ ಮೊದಲು ಇದು ನಕಲು ಮಾಡಿದಂತೆಯೇ ಕಾಣುತ್ತಿತ್ತು. ಆದರೆ ಇಲ್ಲಿನ ಶಾಲೆಗಳಲ್ಲಿ ‘ಹಾನ್’ ಎಂಬ ಪುಟ್ಟ ಗುಂಪುಗಳಿವೆ. ಊಟ ಬಡಿಸುವುದು, ಗುಡಿಸುವುದು, ಪಾಠದ ಚರ್ಚೆ ಎಲ್ಲವೂ ಆ ಗುಂಪುಗಳಲ್ಲೇ ನಡೆಯುತ್ತವೆ. ಪ್ರಶ್ನೆ ಕೇಳಿ ಒಂದು ನಿಮಿಷ ಬರೆಯಲು ಬಿಡಿ, ಇನ್ನೊಂದು ನಿಮಿಷ ಗುಂಪಿನಲ್ಲಿ ಮಾತಾಡಲು ಬಿಡಿ, ಆಮೇಲೆ ಕೇಳಿ. ಉತ್ತರ ಬರುತ್ತದೆ, ಏಕೆಂದರೆ ಈಗ ಅದು ಗುಂಪಿನ ಉತ್ತರ, ತಪ್ಪಾದರೂ ಒಬ್ಬರ ಮರ್ಯಾದೆ ಹೋಗುವುದಿಲ್ಲ.

ಮೂರನೆಯದಾಗಿ, ಹೆಸರು ಹಿಡಿದು ಕರೆಯುವ ಬದಲು ಇಲ್ಲಿನ ಶಿಕ್ಷಕರು ಬಳಸುವ ಒಂದು ಉಪಾಯವನ್ನು ನೀವೂ ಬಳಸಬಹುದು. ಇವತ್ತು 15ನೆಯ ತಾರೀಕಾದರೆ ಹಾಜರಿ ಪುಸ್ತಕದ 15ನೆಯ ಸಂಖ್ಯೆಯವರು ಉತ್ತರಿಸಬೇಕು. ಆಯ್ಕೆ ಮಾಡಿದ್ದು ಶಿಕ್ಷಕರಲ್ಲ, ಕ್ಯಾಲೆಂಡರು. ಸಿಕ್ಕಿಬಿದ್ದ ಹುಡುಗ ‘ಅಯ್ಯೋ’ ಎನ್ನುತ್ತಾನೆ, ಉಳಿದವರು ನಗುತ್ತಾರೆ, ಬಿಗಿ ಸಡಿಲವಾಗುತ್ತದೆ.

ಉಪಮುಖ್ಯ ಶಿಕ್ಷಕರ ವಿಚಾರಕ್ಕೆ ಬಂದರೆ, ಕ್ಷಮಿಸಿ, ಅವರು ಆ ಕ್ಷಣವೇ ನಿಮಗೆ ಇಲ್ಲ ಎಂದು ಹೇಳಿಯಾಗಿತ್ತು. ‘ಚೊತ್ತೊ’, ಅಂದರೆ ಸ್ವಲ್ಪ, ಎಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟರೆ ಉಳಿದರ್ಧವನ್ನು ಕೇಳುವವರೇ ತುಂಬಿಕೊಳ್ಳಬೇಕು. ಇದು ಜಪಾನೀಯರ ಕಪಟ ಎಂದು ದೂರುವ ಭಾರತೀಯರನ್ನು ಬಹಳ ಕಂಡಿದ್ದೇನೆ. ಆದರೆ ನೀವೇ ಯೋಚಿಸಿ: ಸಾಲ ಕೇಳಲು ಬಂದವರಿಗೆ, ಸಂಬಂಧ ಕೇಳಲು ಬಂದವರಿಗೆ ನಮ್ಮ ಮನೆಗಳಲ್ಲಿ ‘ನೋಡೋಣ’ ಎನ್ನುತ್ತೇವೆ. ಆ ‘ನೋಡೋಣ’ದ ಅರ್ಥ ತಿಳಿಯದೆ ಮೂರು ವಾರ ಕಾದು ಕುಳಿತವರು ಯಾರಾದರೂ ಇದ್ದಾರೆಯೇ?

ಇಂಥ ಹೊಂದಿಕೆಗಳು ಇನ್ನೂ ಇವೆ. ಮನೆಯಿಂದ ಹೊರಡುವ ಜಪಾನೀಯರು ‘ಇತ್ತೆಕಿಮಸು’ ಎನ್ನುತ್ತಾರೆ. ಅದು ಅಕ್ಷರಶಃ ನಮ್ಮ ‘ಹೋಗಿ ಬರುತ್ತೇನೆ’. ಮನೆಯಲ್ಲಿ ಉಳಿದವರ ‘ಇತ್ತೆರಶ್ಶಾಯ್’ ನಮ್ಮ ‘ಹೋಗಿ ಬನ್ನಿ’. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು, ಪ್ರತ್ಯಯಗಳು ನಾಮಪದದ ಬೆನ್ನಿಗೆ ಅಂಟುವುದು, ಗೌರವಕ್ಕೆ ಬೇರೆ ಕ್ರಿಯಾರೂಪ ಇರುವುದು ಇವೆಲ್ಲ ನಿಮಗೆ ಗೊತ್ತೇ ಇದೆ. ಅವರ ಅಕ್ಷರಮಾಲೆಯ ‘ಅ ಇ ಉ ಎ ಒ, ಕ ಸ ತ ನ ಹ ಮ ಯ ರ ವ’ ಎಂಬ ಕ್ರಮವೂ ಬೌದ್ಧ ವಿದ್ವಾಂಸರ ಸಂಸ್ಕೃತಾಭ್ಯಾಸದ ಮೂಲಕ ಬಂದದ್ದು. ಜಪಾನಿ ಕಲಿಯಿರಿ, ಅದೂ ಇಂಗ್ಲಿಷ್ ಪುಸ್ತಕಗಳ ಮೂಲಕವಲ್ಲ, ಕನ್ನಡದ ಕಿವಿಯಿಂದ.

ಕೊನೆಗೊಂದು ಮಾತು. ಸಂಜೆ ಹೊರಡುವಾಗ ‘ಒಸಾಕಿ ನಿ ಶಿತ್ಸುರೇ ಶಿಮಸು’, ಅಂದರೆ ನಿಮಗಿಂತ ಮೊದಲು ಹೋಗುತ್ತಿದ್ದೇನೆ, ಮನ್ನಿಸಿ, ಎಂದು ಹೇಳಿ ಹೋಗುತ್ತೀರಲ್ಲವೇ? ಹೇಳದೆ ಹೋಗುತ್ತಿದ್ದರೆ ನಾಳೆಯಿಂದಲೇ ಶುರು ಮಾಡಿ.


ಉತ್ತರ 2 — ಯೊಕೊಹಾಮಾದ ಅಮ್ಮ

ನಾನು ಶಿಕ್ಷಕಿಯಲ್ಲ. ಆದರೆ ನನ್ನ ಇಬ್ಬರು ಮಕ್ಕಳೂ ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಓದುತ್ತಿರುವುದರಿಂದ, ಬೆಂಚಿನ ಆ ಕಡೆಯಿಂದ ಒಂದು ಮಾತು ಹೇಳಬಹುದು ಅನ್ನಿಸಿತು.

ನಿಮ್ಮ ಆ ಹುಡುಗಿಯ ಪ್ರಸಂಗವನ್ನು ಓದಿ, ಅದೇ ವಯಸ್ಸಿನ ನನ್ನ ಮಗಳಿಗೆ ಕನ್ನಡದಲ್ಲಿ ಓದಿ ಹೇಳಿದೆ. ಹೊರಗೆ ಚಾಚಿದ ಮೊಳೆಗೆ ಸುತ್ತಿಗೆಯ ಪೆಟ್ಟು ಎಂಬ ಜಪಾನಿ ಗಾದೆಯನ್ನು ಇಂಥ ಚರ್ಚೆಗಳಲ್ಲಿ ಎಲ್ಲರೂ ತರುತ್ತಾರೆ. ಅದನ್ನೇ ಅವಳೂ ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಹೇಳಿದ್ದು ಬೇರೆ. ‘ಅಮ್ಮ, ಆ ಉತ್ತರವನ್ನು ಅವಳಿಗೆ ಪಕ್ಕದ ಗೆಳತಿ ಹೇಳಿಕೊಟ್ಟಿರಬಹುದು, ಅಥವಾ ಇಬ್ಬರೂ ಸೇರಿ ಕಂಡುಹಿಡಿದಿರಬಹುದು. ಚಪ್ಪಾಳೆ ಒಬ್ಬಳಿಗೇ ಸಿಕ್ಕಿದರೆ ಅವಳು ಕದ್ದ ಹಾಗಾಯಿತಲ್ಲ. ಆಮೇಲೆ ಊಟಕ್ಕೆ ಆ ಗೆಳತಿಯ ಎದುರೇ ಕೂರಬೇಕು.’ ನನಗೆ ಇದು ಹೊಳೆದೇ ಇರಲಿಲ್ಲ. ನಾಚಿಕೆ, ಅಂಜಿಕೆ ಎಂದು ನಾವು ಓದಿಕೊಳ್ಳುವ ಜಾಗದಲ್ಲಿ ಒಂದು ಋಣದ ಲೆಕ್ಕ ಇರಬಹುದು.

ಹಾಗೆಂದು ಇಲ್ಲಿನ ಮಕ್ಕಳಿಗೆ ಹೊಗಳಿಕೆ ಬೇಡವೆಂದಲ್ಲ. ನನ್ನ ಮಗನ ಶಿಕ್ಷಕಿ, ಶಾಲೆ ಮತ್ತು ಮನೆಯ ನಡುವೆ ದಿನವೂ ಓಡಾಡುವ ‘ರೆನ್‌ರಾಕುಚೋ’ ಎಂಬ ಟಿಪ್ಪಣಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಎರಡು ಸಾಲು ಬರೆದು ಒಂದು ಹೂವಿನ ಚಿತ್ರ ಹಾಕುತ್ತಾರೆ. ಅವನು ಅದನ್ನು ಅಪ್ಪನಿಗೆ, ನನಗೆ, ವಿಡಿಯೊದಲ್ಲಿ ದಾವಣಗೆರೆಯ ಅಜ್ಜಿಗೆ, ಹೀಗೆ ಮೂರು ಸಲ ತೋರಿಸುತ್ತಾನೆ. ನೀವೂ ಆ ಹುಡುಗಿಯ ನೋಟ್ ಪುಸ್ತಕದಲ್ಲಿ ಬರೆದು ನೋಡಿ.

ಕನ್ಸಾಯ್ ಅವರ ಮಾತಿಗೆ ನನ್ನದೊಂದು ತಕರಾರು ಇದೆ. ಎಲ್ಲದಕ್ಕೂ ನಮ್ಮಲ್ಲಿಯೂ ಹೀಗೆಯೇ ಎಂದು ಹೊಂದಿಸಿಬಿಟ್ಟರೆ, ನಿಜವಾಗಿ ಕಷ್ಟವಾಗುವ ಕಡೆ ಹೊಸಬರು ತಮ್ಮನ್ನೇ ತಪ್ಪಿತಸ್ಥರೆಂದು ಭಾವಿಸುತ್ತಾರೆ. ಈ ದೇಶದಲ್ಲಿ ಒಂಟಿತನ ದೊಡ್ಡದು. ನೆರೆಮನೆಯವರು ಹತ್ತು ವರ್ಷ ನಗುನಗುತ್ತ ನಮಸ್ಕರಿಸಿದರೂ ಒಳಗೆ ಕರೆದು ಕಾಫಿ ಕೊಡದಿರಬಹುದು. ಅದು ನಿಮ್ಮ ಕೊರತೆಯಲ್ಲ, ತಂಗಿ.


ಉತ್ತರ 3 — ನಿವೃತ್ತ ಮೇಷ್ಟರು, ಹಾಸನ

ಜಪಾನನ್ನು ನಾನು ನೋಡಿಲ್ಲ. ನಾನು ಹೋದದ್ದು ಇಥಿಯೋಪಿಯಾಕ್ಕೆ, 1979ರಲ್ಲಿ. ಆ ಕಾಲದಲ್ಲಿ ಅಲ್ಲಿನ ಪ್ರೌಢಶಾಲೆಗಳಲ್ಲಿ ಭಾರತದಿಂದ ಹೋದ ಶಿಕ್ಷಕರು ಬಹಳ ಮಂದಿ ಇದ್ದರು. ಕಾಫಿಯ ಸೀಮೆಯಾದ ಜಿಮ್ಮಾದಲ್ಲಿ ನಾನು ಏಳು ವರ್ಷ ಗಣಿತ ಕಲಿಸಿದೆ. ತಾಯಿ, ನಿಮ್ಮ ಉಪಮುಖ್ಯ ಶಿಕ್ಷಕರ ಉಸಿರಿನ ವಿಚಾರ ಓದಿ ನನಗೆ ನಗು ತಡೆಯಲಾಗಲಿಲ್ಲ, ಕಾರಣ ಹೇಳುತ್ತೇನೆ.

ಮೊದಲ ವಾರ ಒಬ್ಬ ಹುಡುಗನನ್ನು ಎಬ್ಬಿಸಿ, ಲೆಕ್ಕ ಮುಗಿಯಿತೇ ಎಂದು ಕೇಳಿದೆ. ಅವನು ಬೆಚ್ಚಿಬಿದ್ದವನಂತೆ ‘ಹ್ಹಾ’ ಎಂದು ಉಸಿರನ್ನು ಒಳಗೆಳೆದುಕೊಂಡು ಸುಮ್ಮನೆ ನಿಂತ. ಹೆದರಿದನೆಂದು ತಿಳಿದು ನಾನು ಮೃದುವಾಗಿ ಇನ್ನೊಮ್ಮೆ ಕೇಳಿದೆ. ಮತ್ತೆ ಅದೇ ಉಸಿರು. ಏನೋ ಕಾಯಿಲೆ ಇರಬೇಕೆಂದು ಕೂರಿಸಿದೆ. ಆಮೇಲೆ ನೋಡಿದರೆ ಆ ದೇಶದಲ್ಲಿ ‘ಹೌದು’ ಎನ್ನುವುದೇ ಹಾಗೆ, ಉಸಿರನ್ನು ಒಳಗೆಳೆದುಕೊಂಡು. ಪಾಪದ ಹುಡುಗ ಎರಡು ಸಲ ಹೌದು ಎಂದಿದ್ದ, ಮೇಷ್ಟರಿಗೆ ಕೇಳಿಸಿರಲಿಲ್ಲ. ಒಂದೇ ಉಸಿರು ಅಲ್ಲಿ ಹೌದು, ನಿಮ್ಮಲ್ಲಿ ಇಲ್ಲ. ನಾನು ತಲೆಯನ್ನು ಅತ್ತಿತ್ತ ಆಡಿಸಿ ಸರಿ ಎಂದಾಗ ಅವರೇನು ತಿಳಿದರೋ, ನಾನು ಯಾವತ್ತೂ ಕೇಳಲಿಲ್ಲ.

ಗಡಿಯಾರದ ಕಥೆಯೂ ಅಂಥದೇ. ಅಲ್ಲಿ ಹಗಲಿನ ಎಣಿಕೆ ಸೂರ್ಯೋದಯದಿಂದ ಆರಂಭವಾಗುತ್ತದೆ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ಸಹೋದ್ಯೋಗಿಯೊಬ್ಬರು ನಾಳೆ ಮೂರು ಗಂಟೆಗೆ ಮನೆಗೆ ಬನ್ನಿ ಎಂದರೆ, ಅವರು ಬೆಳಿಗ್ಗೆ ಒಂಬತ್ತಕ್ಕೆ ಕಾಫಿ ಹುರಿದು ಕಾದಿದ್ದಾರೆ, ನಾನು ಮಧ್ಯಾಹ್ನ ಮೂರಕ್ಕೆ ಹೋಗಿ ಬಾಗಿಲು ತಟ್ಟಿದ್ದೇನೆ. ನಮ್ಮ ಪಂಚಾಂಗದ ಸೂರ್ಯೋದಯಾದಿ ಘಳಿಗೆಯ ಲೆಕ್ಕ ಗೊತ್ತಿದ್ದವನಿಗೆ ಇದು ಅರ್ಥವಾಗಬೇಕಿತ್ತು. ಕೈಗಡಿಯಾರ ಕಟ್ಟಿದ್ದರಿಂದ ಆಗಲಿಲ್ಲ.

ಆದರೆ ಯೊಕೊಹಾಮಾದ ತಾಯಿ ಹೇಳಿದ್ದು ಸರಿ, ಎಲ್ಲವೂ ಹೀಗೆ ನಗುವಿನಲ್ಲಿ ಮುಗಿಯುವುದಿಲ್ಲ. ನಾನು ಮಡಿ, ಎಂಜಲು ಎಂದು ಬೆಳೆದ ಮನೆಯವನು. ಅಲ್ಲಿ ಎಲ್ಲರೂ ಒಂದೇ ತಟ್ಟೆಯ ಸುತ್ತ ಕುಳಿತು ಇಂಜೆರಾ ಎಂಬ ದೋಸೆಯಂಥ ರೊಟ್ಟಿಯನ್ನು ಮುರಿದು ತಿನ್ನುತ್ತಾರೆ. ಸಾಲದ್ದಕ್ಕೆ ‘ಗುರ್ಶಾ’ ಎಂಬ ಪದ್ಧತಿ ಇದೆ: ಪ್ರೀತಿಯಿಂದ ತುತ್ತು ಮಾಡಿ, ಅತಿಥಿಯ ಬಾಯಿಗೆ ತಾವೇ ಇಡುತ್ತಾರೆ. ಬೇಡವೆಂದರೆ ಮನಸ್ಸು ನೋಯುತ್ತದೆ. ಮೊದಲ ಸಲ ನಾನು ಹೊಟ್ಟೆ ಸರಿಯಿಲ್ಲವೆಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಆ ಮನೆಯ ಅಜ್ಜಿಯ ಮುಖ ಬಾಡಿದ್ದು ಇಂದಿಗೂ ಕಣ್ಣಿಗೆ ಕಟ್ಟಿದೆ. ಬಾಯಿ ತೆರೆಯಲು ನನಗೆ ಒಂದು ವರ್ಷ ಹಿಡಿಯಿತು. ಹಾಗೆ ತೆರೆದದ್ದರಿಂದ ನನ್ನ ಆಚಾರ ಕೆಟ್ಟಿತೇ ಎಂದು ಊರಿನಲ್ಲಿ ಕೇಳಿದವರಿದ್ದಾರೆ, ಉತ್ತರ ಕೊಡುವ ಗೋಜಿಗೆ ನಾನು ಹೋಗಲಿಲ್ಲ. ಮಾಂಸವನ್ನು ಮಾತ್ರ ನಾನು ಕೊನೆಯವರೆಗೂ ಮುಟ್ಟಲಿಲ್ಲ, ಅದಕ್ಕೆ ಅವರಾರೂ ಬೇಸರಪಡಲೂ ಇಲ್ಲ. ಅಲ್ಲಿನ ಕ್ರೈಸ್ತರು ಬುಧವಾರ, ಶುಕ್ರವಾರ, ಈಸ್ಟರಿಗೆ ಮುಂಚಿನ 55 ದಿನ ಮಾಂಸ, ಹಾಲು, ತುಪ್ಪ ಎಲ್ಲವನ್ನೂ ಬಿಟ್ಟು ಉಪವಾಸ ಮಾಡುವವರು. ‘ಇವರಿಗೆ ವರ್ಷವಿಡೀ ಉಪವಾಸ’ ಎಂದು ಹೇಳಿ ನನಗೆ ಬೇಳೆಯ ಸಾರು ಬಡಿಸುತ್ತಿದ್ದರು. ತಮ್ಮಲ್ಲಿರುವ ಒಂದು ಪದದೊಳಗೆ ನನ್ನನ್ನು ಕೂರಿಸಿಕೊಂಡರು, ಅಷ್ಟೇ. (ಇಂಜೆರಾ ಎಂದರೆ ತೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಹುಯ್ದ ದೋಸೆಯೇ. ನಮ್ಮ ರಾಗಿಯ ತವರೂ ಪೂರ್ವ ಆಫ್ರಿಕದ ಆ ಎತ್ತರದ ನೆಲವೇ ಎಂಬುದು ತಿಳಿದ ದಿನ ನಾನು ಮನೆಗೆ ನಾಲ್ಕು ಪುಟದ ಕಾಗದ ಬರೆದಿದ್ದೆ.)

ಒಡೆಯಬೇಕೋ, ಕಲಿಯಬೇಕೋ ಎಂದು ಕೇಳಿದಿರಿ. ಯಾವುದು ನನ್ನ ರೂಢಿ, ಯಾವುದು ನನ್ನ ನಿಷ್ಠೆ ಎಂದು ಮೊದಲು ಬೇರ್ಪಡಿಸಿಕೊಳ್ಳಬೇಕಾಯಿತು ನನಗೆ. ಎಂಜಲು ರೂಢಿಯಾಗಿತ್ತು, ಬಿಟ್ಟೆ. ಊಟದ ನೇಮ ನಿಷ್ಠೆಯಾಗಿತ್ತು, ಉಳಿಸಿಕೊಂಡೆ. ಮುಂದೆ ಕರೆದು ಚಪ್ಪಾಳೆ ಹೊಡೆಸುವುದು ಇವೆರಡರಲ್ಲಿ ಯಾವುದು ಎಂಬುದನ್ನು ನೀವೇ ನೋಡಿಕೊಳ್ಳಬೇಕು. ಆದರೆ ಊಟದ ಹೊತ್ತಿಗೆ ಬೇರೆ ಕೋಣೆಯಲ್ಲಿ ಕೂರುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಿ. ನಿಮ್ಮ ಡಬ್ಬಿಯನ್ನು ತೆಗೆದುಕೊಂಡು ಹೋಗಿ ಮಕ್ಕಳ ನಡುವೆ ಕುಳಿತು ಉಣ್ಣಿ.


ಮರುಉತ್ತರ — ತುಂಗಾತೀರದವಳು

ಮೂವರಿಗೂ ಕೃತಜ್ಞತೆಗಳು. ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಮಾಡಿ ನೋಡದೆ ಬರೆಯುವುದು ಬೇಡವೆನಿಸಿತು.

ತಾರೀಕಿನ ಉಪಾಯ ಚೆನ್ನಾಗಿ ನಡೆಯುತ್ತಿದೆ. ಗುಂಪಿನಲ್ಲಿ ಮಾತಾಡಲು ಬಿಟ್ಟರೆ ಗದ್ದಲವೂ ಆಗುತ್ತದೆ. ಇಷ್ಟು ದಿನ ಆ ಗದ್ದಲಕ್ಕೆ ನಾನೇ ಜಾಗ ಕೊಟ್ಟಿರಲಿಲ್ಲ. ಮೊದಲನೆಯ ವರ್ಷದ ತರಗತಿಯಲ್ಲಿ ಮಾತ್ರ ಇದು ಕೆಲಸ ಮಾಡಿಲ್ಲ. ಅಲ್ಲಿ ಗುಂಪುಗಳೂ ಮೌನವಾಗಿಯೇ ಇರುತ್ತವೆ.

ಉಪಮುಖ್ಯ ಶಿಕ್ಷಕರ ಬಳಿಗೆ ಹೋಗಿ, ಈ ಸಲ ರಜೆ ಕೇಳದೆ, ಆ ದಿನ ಶಾಲೆಗೆ ಏನು ತೊಂದರೆಯಾಗುತ್ತಿತ್ತು ಎಂದಷ್ಟೇ ಕೇಳಿದೆ. ಅವರು ತಕ್ಷಣ ವೇಳಾಪಟ್ಟಿ ತೆಗೆದು ತೋರಿಸಿದರು: ಅಂದು ಪರೀಕ್ಷೆ, ಇಂಗ್ಲಿಷಿನ ಆಲಿಸುವ ಭಾಗವನ್ನು ಓದಬೇಕಾದವಳು ನಾನೇ. ಮುಂದಿನ ವರ್ಷದ ದಿನಾಂಕವನ್ನು ಏಪ್ರಿಲ್‌ನಲ್ಲೇ ಕೊಟ್ಟುಬಿಡಿ ಎಂದರು. ಸಂಜೆ ಹೊರಡುವ ಮಾತಿನ ಬಗ್ಗೆ ಕೇಳಿದಿರಿ. ಹೌದು, ಏಳು ತಿಂಗಳು ನಾನು ಚೀಲ ಎತ್ತಿಕೊಂಡು ಸುಮ್ಮನೆ ಹೊರಟುಹೋಗುತ್ತಿದ್ದೆ. ಈಗ ಹೇಳುತ್ತೇನೆ, ಹದಿನೈದು ಜನ ಒಟ್ಟಿಗೆ ಉತ್ತರಿಸುತ್ತಾರೆ.

ಆ ಹುಡುಗಿಯ ನೋಟ್ ಪುಸ್ತಕದಲ್ಲಿ ಎರಡು ಸಾಲು ಬರೆದೆ. ಅವಳು ಏನನ್ನೂ ಬರೆದು ಕಳಿಸಲಿಲ್ಲ, ತರಗತಿಯಲ್ಲಿ ಈಗಲೂ ಕೈ ಎತ್ತುವುದಿಲ್ಲ. ಆದರೆ ಮೊನ್ನೆ ಶಾಲೆ ಗುಡಿಸಿ ಒರೆಸುವ ಹೊತ್ತಿನಲ್ಲಿ ನಾನು ಅವಳ ಗುಂಪಿನೊಂದಿಗೆ ಕಾರಿಡಾರ್ ಒರೆಸುತ್ತಿದ್ದೆ. ನಾನು ಒರೆಸುವ ಬಟ್ಟೆಯನ್ನು ನಮ್ಮ ಮನೆಗಳಲ್ಲಿ ಮಾಡುವಂತೆ ಅಡ್ಡ ಹಿಡಿದು ಹಿಂಡುತ್ತಿದ್ದುದನ್ನು ನೋಡುತ್ತಿದ್ದವಳು, ಹತ್ತಿರ ಬಂದು, ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು, ಅದನ್ನು ನೆಟ್ಟಗೆ ನಿಲ್ಲಿಸಿ ಹಿಡಿದು ಹಿಂಡಿ ತೋರಿಸಿದಳು. ನಿಜವಾಗಿಯೂ ಇನ್ನಷ್ಟು ನೀರು ಇಳಿಯಿತು. ‘ಲೈಕ್ ದಿಸ್’ ಎಂದಳು. ಜೂನ್ ನಂತರ ಅವಳಿಂದ ನಾನು ಕೇಳಿದ ಮೊದಲ ಇಂಗ್ಲಿಷ್ ಅದು. ಈ ಸಲ ನಾನು ಚಪ್ಪಾಳೆ ಹೊಡೆಯಲಿಲ್ಲ.

ಮೇಷ್ಟರೇ, ಡಬ್ಬಿಯೊಂದಿಗೆ ಮಕ್ಕಳ ನಡುವೆಯೇ ಕೂರುತ್ತಿದ್ದೇನೆ. ಚಪಾತಿ ಯಾವುದರಿಂದ ಮಾಡಿದ್ದು ಎಂಬ ಬಗ್ಗೆ ಮಾತ್ರ ತರಗತಿಯಲ್ಲಿ ಮೌನವಿಲ್ಲ. ಶಾಲೆಯ ಅಡುಗೆಯಲ್ಲಿ ನಾನು ತಿನ್ನಬಹುದಾದದ್ದು ಏನಾದರೂ ಇದ್ದರೆ ಅದನ್ನೂ ಹಂಚಿಕೊಳ್ಳಬೇಕೆಂದಿದೆ, ಆದರೆ ಸಸ್ಯಾಹಾರಿ ಎಂದು ಹೇಳಿದರೆ ಮೀನು ಪರವಾಗಿಲ್ಲ ಅಲ್ಲವೇ ಎನ್ನುತ್ತಾರೆ. ಇದನ್ನು ಜಪಾನಿಯಲ್ಲಿ ಹೇಗೆ ತಿಳಿಸಬೇಕು?


ಉತ್ತರ 4 — ಕನ್ಸಾಯ್ ಕನ್ನಡಿಗ

ಸಸ್ಯಾಹಾರಿ ಎಂಬ ಪದವನ್ನೇ ಬಳಸಬೇಡಿ, ಅದು ಇಲ್ಲಿ ಯಾರಿಗೂ ಏನನ್ನೂ ಹೇಳುವುದಿಲ್ಲ. ಕಣ್ಣಿಗೆ ಕಾಣುವ ಮೀನಿಗಿಂತ ಕಾಣದ ಮೀನೇ ತೊಡಕು: ಮಿಸೊ ಸಾರು, ಬೇಯಿಸಿದ ತರಕಾರಿ, ಹೆಚ್ಚಿನವುಗಳ ತಳದಲ್ಲಿ ಒಣಗಿಸಿದ ಕತ್ಸುಒದಂಥ ಮೀನಿನ ತಿಳಿ ಇರುತ್ತದೆ. ಅದಕ್ಕೆ ಬದಲಾಗಿ ಕೊಂಬು ಎಂಬ ಕಡಲಪಾಚಿಯಿಂದಲೂ ತಿಳಿ ತೆಗೆಯುತ್ತಾರೆ, ಬೌದ್ಧ ವಿಹಾರಗಳ ಅಡುಗೆ ನಡೆಯುವುದೇ ಅದರ ಮೇಲೆ. ಆದ್ದರಿಂದ ಚೀಟಿಯಲ್ಲಿ ಹೀಗೆ ಬರೆದು ಕೊಡಿ: ‘ನಿಕು, ಸಕಾನಾ, ಕತ್ಸುಒ-ದಾಶಿ ವಾ ತಬೆಮಸೆನ್. ಕೊಂಬು-ದಾಶಿ ವಾ ದಾಯ್‌ಜೋಬು ದೆಸು.’ ಮಾಂಸ, ಮೀನು, ಕತ್ಸುಒ ತಿಳಿ ತಿನ್ನುವುದಿಲ್ಲ, ಕೊಂಬು ತಿಳಿ ಆಗುತ್ತದೆ ಎಂದರ್ಥ. ಮೊಟ್ಟೆಯೂ ಬೇಡವಾದರೆ ಮೊದಲ ವಾಕ್ಯದಲ್ಲಿ ‘ತಮಾಗೊ’ ಸೇರಿಸಿ. ನಿಮ್ಮೊಬ್ಬರಿಗಾಗಿ ಶಾಲೆಯ ಅಡುಗೆ ಬದಲಾಗುವುದಿಲ್ಲ, ಆದರೆ ತಿಂಗಳ ಊಟದ ಪಟ್ಟಿಯನ್ನು ಮೊದಲೇ ಅಚ್ಚು ಹಾಕಿಸಿ ಹಂಚುತ್ತಾರೆ. ಆಹಾರ ತಜ್ಞೆಯ ಜೊತೆ ಕುಳಿತು, ನೀವು ತಿನ್ನಬಹುದಾದದ್ದಕ್ಕೆ ಗುರುತು ಹಾಕಿಸಿಕೊಳ್ಳಿ. ಹಾಲಂತೂ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಅನ್ನ, ಹಣ್ಣು ಆಗಾಗ ಇರುತ್ತವೆ.